ಸಿಹಿಜೋಳ ನಾಟಿ ಮಾಡಿದ ವರ್ಷ

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಆಗುವಷ್ಟರಲ್ಲಿ ನಮ್ಮ ಕಡೆ ಒಂದು ಬುದ್ಧಿ ಹಬ್ಬಿತು. ಅಡಿಕೆ ತೋಟಕ್ಕೆ ಹಳದಿ ಎಲೆ ರೋಗ ಬಂದರೆ ಏನು ಮಾಡಬೇಕು? ಗದ್ದೆ ಅಗೆದು ಇನ್ನೊಂದು ಅಡಿಕೆ ತೋಟ ಮಾಡಬೇಕು. ಶೃಂಗೇರಿ ಕಡೆ ಆಗಲೇ ಮರಗಳು ಸೋಗೆ ಇಳಿಬಿಟ್ಟುಕೊಂಡು ಹಳದಿಯಾಗಿ ನಿಂತಿದ್ದವು. ರೋಗ ಕೊಪ್ಪದ ಕಡೆಗೂ ಕಾಲಿಡುತ್ತಿತ್ತು. ಆದರೂ ಹಿರೇಕೊಡಿಗೆ ಸುತ್ತಮುತ್ತ ಒಬ್ಬೊಬ್ಬರಾಗಿ ಗದ್ದೆಯಲ್ಲಿ ಬಸಿಗಾಲುವೆ ತೋಡಿಸತೊಡಗಿದರು. ಬೆಂಕಿ ಬಿದ್ದ ಮನೆಯ ಪಕ್ಕದಲ್ಲೇ ಹುಲ್ಲಿನ ಮನೆ ಕಟ್ಟಿದ ಹಾಗಾಯಿತಲ್ಲ ಎಂದು ನನಗೆ ಅನ್ನಿಸುತ್ತಿತ್ತು. ಹಾಗೆಂದು ಬಾಯಿಬಿಟ್ಟರೆ ನಮ್ಮ ಯಜಮಾನರು, "ನಿಂಗೆ ತೋಟದ ವಿಚಾರ ಎಂತ ಗೊತ್ತು?" ಎನ್ನುತ್ತಿದ್ದರು.

ಗೊತ್ತಿಲ್ಲದ್ದು ನಿಜ. ಅಡಿಕೆ ಸುಲಿದವಳು ನಾನು, ಬೇಯಿಸಿದವಳು ನಾನು, ಅಂಗಳದಲ್ಲಿ ಹರವಿ ಮೋಡ ಕಂಡಾಗಲೆಲ್ಲ ಬಾಚಿ ಒಳಗೆ ಹಾಕಿದವಳು ನಾನು. ಅದು ಮಂಡಿಗೆ ಹೋದ ಮೇಲಿನ ವಿಚಾರ ಮಾತ್ರ ಗಂಡಸರದು. ಭತ್ತ ಹಾಗಲ್ಲ. ಕಣಜಕ್ಕೆ ಬಿದ್ದ ಭತ್ತಕ್ಕೆ ನಾನು ಯಜಮಾನಿ. ಬೀಜಕ್ಕೆ ಎಷ್ಟು ಇಡಬೇಕು, ಮಿಲ್ಲಿಗೆ ಯಾವಾಗ ಕಳಿಸಬೇಕು, ಯಾರ ಮನೆ ಮದುವೆಗೆ ಎಷ್ಟು ಅಕ್ಕಿ ಕೊಡಬೇಕು ಎಂಬುದಕ್ಕೆಲ್ಲ ನನ್ನ ಮಾತೇ ಮಾತು. ಈಗ ನಮ್ಮ ಯಜಮಾನರ ಕಣ್ಣೂ ಮನೆ ಕೆಳಗಿನ ಗದ್ದೆಯ ಮೇಲೆ ಬಿದ್ದಿತ್ತು. ಅದು ತೋಟವಾದರೆ ಮನೆಯಲ್ಲಿ ನನ್ನ ಮಾತು ಕೇಳುವುದು ಒಲೆ ಒಂದೇ. ಅನ್ನದ ಮೇಲಿನ ಭಕ್ತಿಯಿಂದ ನಾನು ಗದ್ದೆ ಉಳಿಸಲು ಹೊರಟೆ ಎಂದು ಯಾರಾದರೂ ತಿಳಿದುಕೊಂಡರೆ ತಿಳಿದುಕೊಳ್ಳಲಿ. ನನಗೆ ಬೇಕಾಗಿದ್ದದ್ದು ಅಧಿಕಾರ. ಒಮ್ಮೆ ಕಾಲುವೆ ತೋಡಿ ಸಸಿ ಇಟ್ಟರೆ ಅದು ಮತ್ತೆ ನನ್ನ ಆಯುಷ್ಯದಲ್ಲಿ ಗದ್ದೆ ಆಗುವುದಿಲ್ಲ.

ಒಂದು ದಿನ ಊಟಕ್ಕೆ ಕೂತಾಗ ಮಾತು ಬಂತು.

"ಕೊಯ್ಲು ಮುಗಿದ ಮೇಲೆ ಆ ಗದ್ದೆ ಎಂತಕ್ಕೆ ಬರ್ತದೆ? ದನ ಮೇಯಕ್ಕೆ, ಅಷ್ಟೆ. ತೋಟ ಆದ್ರೆ ವರ್ಷಪೂರ್ತಿ ಕೆಲಸ ಮಾಡ್ತದೆ" ಎಂದರು ಯಜಮಾನರು.

"ಬೇಸಿಗೇಲೂ ಗದ್ದೆ ಕೆಲಸ ಮಾಡಿದ್ರೆ?"

"ಮಾಡ್ಸಿ ತೋರ್ಸು ಮಾರಾಯ್ತಿ. ಒಂದು ಬೇಸಿಗೆ ಬಿಟ್ಕೊಡ್ತೇನೆ. ಆಗ್ಲಿಲ್ಲ ಅಂದ್ರೆ ಮಳೆ ಹಿಡಿಯೋ ಮುಂಚೆ ಅಡಿಕೆ ಸಸಿ ಬೀಳ್ತದೆ. ಆಮೇಲೆ ಮುಖ ಊದಿಸ್ಕೊಂಡು ಕೂರೋ ಹಾಗಿಲ್ಲ."

ಹೂಂ ಅಂದೆ. ಏನು ಬೆಳೆಯಬೇಕೆಂದು ನನಗೂ ಗೊತ್ತಿರಲಿಲ್ಲ. ಉದ್ದು ಹಾಕಿದರೆ ನವಿಲಿಗೆ, ಗೆಣಸು ಹಾಕಿದರೆ ಹಂದಿಗೆ.

ಅದೇ ಸುಮಾರಿಗೆ ಅಡ್ಡಗದ್ದೆಯ ತವರುಮನೆಗೆ ಹೋಗಿ ವಾಪಸು ಬರುವಾಗ ಶೃಂಗೇರಿ ಬಸ್‌ ಸ್ಟ್ಯಾಂಡಿನ ಹತ್ತಿರ ಒಬ್ಬ ಕೈಗಾಡಿಯಲ್ಲಿ ಜೋಳದ ಕಾಳು ಬೇಯಿಸಿ, ಬೆಣ್ಣೆ, ಖಾರದಪುಡಿ ಕಲಸಿ, ಕಾಗದದ ಲೋಟದಲ್ಲಿ ಹಾಕಿ ಕೊಡುತ್ತಿದ್ದ. ದೇವಸ್ಥಾನಕ್ಕೆ ಬಂದ ಪೇಟೆಯ ಜನ ಮುತ್ತಿಕೊಂಡಿದ್ದರು. ನಾವು ಮುಸುಕಿನ ಜೋಳ ಎಂದು ಕೆಂಡದಲ್ಲಿ ಸುಟ್ಟು, ದವಡೆ ನೋಯುವ ತನಕ ಜಗಿಯುತ್ತಿದ್ದ ಜಾತಿಯದೇ. ನಾನೂ ಒಂದು ಲೋಟ ಕೊಂಡು ಬಾಯಿಗೆ ಹಾಕಿಕೊಂಡೆ.

"ಇದಕ್ಕೆ ಸಕ್ಕರೆ ಹಾಕಿದ್ದೀಯ?"

"ಇಲ್ಲಮ್ಮ, ಜೋಳನೇ ಹಂಗೆ."

"ದೇವಸ್ಥಾನದ ಊರಲ್ಲಿ ನಿಂತ್ಕೊಂಡು ಸುಳ್ಳು ಹೇಳ್ಬೇಡ ಮಾರಾಯ."

"ಅಯ್ಯೋ, ಸ್ವೀಟ್ ಕಾರ್ನ್ ಅಂದ್ರೆ ಸಿಹೀನೇ ಅಮ್ಮ! ಇದಕ್ಕಿಂತ ಇನ್ನೂ ಸಿಹಿ ಇರ್ಬೇಕಿತ್ತು. ಬಯಲುಸೀಮೆಯಿಂದ ಬರೋದ್ರೊಳಗೆ ಅರ್ಧ ಸಿಹಿ ದಾರೀಲೇ ಹೋಗ್ತದೆ. ಮುರಿದ ದಿನವೇ ತಿಂದ್ರೆ ಮಾತ್ರ ಇದು ಜೋಳ. ನೀವೇನಾದ್ರೂ ಇಲ್ಲೇ ಬೆಳೆದು ಅವತ್ತಿಂದವತ್ತೇ ತಂದ್ರೆ, ನಾ ಬೇರೆ ಕಡೆ ಯಾಕೆ ಹೋಗ್ಲಿ?"

ಅವನು ಮಾತಿಗೆ ಹೇಳಿದ್ದು. ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ಬೀಜ ತಂದುಕೊಟ್ಟವನು ಮೈದುನ. ಪಾಲಾದ ಮೇಲೆ ಮೇಲಿನ ಮನೆಯಲ್ಲಿದ್ದ. ಎಲ್ಲಿ ರೈತರಿಗೆ ತರಬೇತಿ, ಊಟ ಇದೆ ಎಂದರೂ ಹೋಗುತ್ತಿದ್ದ, ಊಟ ಹೇಗಿತ್ತು ಎಂದು ಬಂದು ವಿವರವಾಗಿ ಹೇಳುತ್ತಿದ್ದ. ಕೊಪ್ಪದ ಅಂಗಡಿಯಿಂದ ಅವನು ತಂದ ಬೀಜವನ್ನು ಅಂಗೈಗೆ ಸುರಿದುಕೊಂಡು ನೋಡಿದೆ. ಗುಲಾಬಿ ಬಣ್ಣದ ಔಷಧಿ ಬಳಿದಿತ್ತು. ಒಳಗೆ ತಿರುಳೇ ಇಲ್ಲದ ಹಾಗೆ ಒಂದೊಂದು ಕಾಳೂ ಸುಕ್ಕುಗಟ್ಟಿತ್ತು.

"ಇದು ನನಗಿಂತ ಮುದಿಯಾಗಿದೆ. ಹುಟ್ತದಾ?" ಎಂದೆ.

"ಸಿಹಿಜೋಳದ ಬೀಜ ಇರೋದೇ ಹಿಂಗೆ ಅತ್ತಿಗೆ. ಹಿಟ್ಟು ಕಡಿಮೆ, ಸಕ್ಕರೆ ಜಾಸ್ತಿ."

ಬೀಜ ದುಬಾರಿಯದು, ಗದ್ದೆಗೆ ಎಸೆದರೆ ನವಿಲು ಕೆದಕಿ ತಿನ್ನುತ್ತದೆ ಎಂದು ಯಜಮಾನರು ಹೇಳಿದರು. ಅದೂ ಸರಿಯೇ. ಮನೆ ಹತ್ತಿರ ಸಸಿಮಡಿ ಮಾಡಿ, ಕಾದು, ಬೆಳೆಸಿ, ಆಮೇಲೆ ಗದ್ದೆಗೆ ನಾಟಿ ಮಾಡುವುದೆಂದಾಯಿತು. ಇಷ್ಟು ಜನ ಇದ್ದೆವಲ್ಲ, ಒಬ್ಬರಿಗೂ ಇದು ಬೇರೆಯಾಗಿ ತೋರಲಿಲ್ಲ. ಗದ್ದೆ ಅಂದ ಮೇಲೆ ಕೆಸರು, ಕೆಸರು ಅಂದ ಮೇಲೆ ನಾಟಿ. ನಮ್ಮ ಕೈಗೆ ಬೇರೆ ದಾರಿ ಗೊತ್ತೇ ಇರಲಿಲ್ಲ.

ಮುಯ್ಯಾಳಿಗೆ ಹೇಳಿದೆ. ಇವತ್ತು ನಮ್ಮ ಗದ್ದೆಗೆ ಅವರು ಬಂದರೆ ನಾಳೆ ಅವರ ಗದ್ದೆಗೆ ನಾವು ಹೋಗುವ ಲೆಕ್ಕ. ಸುತ್ತಿನ ಮನೆಗಳ ಹೆಂಗಸರೆಲ್ಲ ಬಂದರು. ಗದ್ದೆಗೆ ನೀರು ಕಟ್ಟಿ, ಉತ್ತು, ಪಾಯಸದ ಹಾಗೆ ಕೆಸರು ಮಾಡಿತ್ತು. ಜೋಳದ ಸಸಿ ಗೇಣುದ್ದ ಬಂದಿದ್ದವು. ಭತ್ತದ ಸಸಿ ಕಿತ್ತ ಹಾಗೆಯೇ ಕಿತ್ತೆವು. ಬೇರಿನ ಮಣ್ಣನ್ನೆಲ್ಲ ನೀರಿನಲ್ಲಿ ಜಾಲಿಸಿ ತೊಳೆದೆವು, ಕಟ್ಟು ಕಟ್ಟಿದೆವು, ಒಂದು ರಾತ್ರಿ ನೀರಿನ ಕಾಲುವೆಯಲ್ಲಿ ನಿಲ್ಲಿಸಿದೆವು. ಬೆಳಿಗ್ಗೆ ಬಗ್ಗಿ ಎರಡೆರಡು ಮೂರುಮೂರು ಸೇರಿಸಿ ಕೆಸರಿಗೆ ಊರುತ್ತ ಹಿಂದೆ ಹಿಂದೆ ಹೋದೆವು. ಅಷ್ಟು ಚೆಂದದ ನಾಟಿ ಆ ಗದ್ದೆ ಕಂಡಿರಲಿಲ್ಲ. ದಾರಿಯಲ್ಲಿ ಹೋಗುವವರು ನಿಂತು ನೋಡಿದರು.

ನಮ್ಮಲ್ಲಿ ಹಿರಿಯಳಾದ ಒಬ್ಬಳು ಕೈಯ ಸಸಿಯನ್ನು ತಿರುಗಿಸಿ ನೋಡಿ, "ಇದು ಜೋಳ ಅಲ್ವನೇ? ಬೇರು ಒಂದೇ ಕಡ್ಡಿ ಹಾಂಗೆ ಇದೆ. ಭತ್ತದ ಹಾಂಗೆ ಕೆಸರಲ್ಲಿ ಕಾಲೂರ್ತದಾ?" ಎಂದಳು.

"ನೀ ಊರು. ಕಾಲೂರೋದು ಅದರ ಕೆಲಸ" ಎಂದು ಇನ್ನೊಬ್ಬಳು ನಗಿಸಿದಳು.

ಮೇಲಿನ ಮೂಲೆಗೆ ಬರುವಷ್ಟರಲ್ಲಿ ಸಸಿ ಮುಗಿಯಿತು, ಅಲ್ಲಿ ಕೆಸರೂ ಒಣಗಿತ್ತು. ಚೀಲದಲ್ಲಿ ಒಂದಿಷ್ಟು ಬೀಜ ಉಳಿದಿತ್ತು. ಮೈದುನ ಒಂದು ಹಿಡಿ ತೆಗೆದುಕೊಂಡು, ಬೆಂಡೆ ಹಾಕುವ ಹಾಗೆ ಗದ್ದೆಯ ಅಂಚಿನುದ್ದಕ್ಕೂ ಒಂದೇ ಸಾಲಿಗೆ ಊರಿದ. ಉಳಿದದ್ದನ್ನು ನಾನು ಆ ಮೂಲೆಯಲ್ಲೇ ಗುದ್ದಲಿಯಿಂದ ಕೊಚ್ಚಿ, ಒತ್ತೊತ್ತಿಗೆ ನಾಲ್ಕಾರು ಸಾಲು ಮಾಡಿ, ಹಾಕಿ, ಮಣ್ಣೆಳೆದೆ. ಅದರಲ್ಲಿ ಜಾಣತನ ಏನೂ ಇರಲಿಲ್ಲ. ಹಾಲು ಕರೆಯುವ ಹೊತ್ತಾಗಿತ್ತು, ದನ ಕೂಗುತ್ತಿತ್ತು.

ಆಮೇಲೆ ಆದದ್ದನ್ನು ಊರೆಲ್ಲ ನೋಡಿತು. ನಾಟಿ ಮಾಡಿದ ಜೋಳ ಮುನಿಸಿಕೊಂಡ ನೆಂಟರ ಹಾಗೆ ನಿಂತಿತು, ಬೆಳೆಯಲೂ ಇಲ್ಲ, ಹೋಗಲೂ ಇಲ್ಲ. ಕೆಲವು ಕೊಳೆತವು. ಉಳಿದವು ಮೊಣಕಾಲೆತ್ತರ ಬಂದಿದ್ದೇ, ಇನ್ನು ಸಾಕು ಎಂದು ತಲೆಯಲ್ಲಿ ಹೂ ಬಿಟ್ಟವು. ತೆನೆ ಹೆಬ್ಬೆರಳಿನಷ್ಟು. ಅಂಚಿನ ಒಂಟಿ ಸಾಲು ಆಳೆತ್ತರ ಬೆಳೆಯಿತು. ಅದನ್ನು ನೋಡಿಕೊಂಡು ಮೈದುನ ಮೂರು ಹೊತ್ತೂ ಆ ಕಡೆಯಿಂದಲೇ ಓಡಾಡುತ್ತಿದ್ದ. ಸಿಪ್ಪೆ ಸುಲಿದರೆ ಒಳಗೆ ನನ್ನ ಬಾಯಿಯ ಹಾಗೆ, ಇಲ್ಲೊಂದು ಹಲ್ಲು, ಅಲ್ಲೊಂದು. ಮೇಲಿನ ಹೂವಿನ ಪುಡಿ ತೆನೆಯ ಕೂದಲಿನ ಮೇಲೆ ಬಿದ್ದರೆ ತಾನೆ ಕಾಳು ಕಟ್ಟುವುದು? ಒಂಟಿ ಸಾಲಿನ ಪುಡಿಯನ್ನೆಲ್ಲ ಗಾಳಿ ಹೊತ್ತುಕೊಂಡು ಹೋಗಿತ್ತು. ಮೂಲೆಯಲ್ಲಿ ಒತ್ತಾಗಿ ಸಾಲು ಸಾಲು ನಿಂತ ಗಿಡಗಳ ತೆನೆ ಮಾತ್ರ ತುದಿಯವರೆಗೆ ತುಂಬಿತ್ತು. ಉಗುರು ಒತ್ತಿದರೆ ಹಾಲು ಚಿಮ್ಮುತ್ತಿತ್ತು. ಆದರೆ ಅದು ಒಂದು ಬುಟ್ಟಿಗೆ ಸಾಲದು.

ಯಜಮಾನರು ಗದ್ದೆಗೆ ಇಳಿದು, ಮೊಣಕಾಲೆತ್ತರದ ಜೋಳದ ನಡುವೆ ನಿಂತರು. "ಹೆಣ್ಣಾಳಿಗೆ ಊಟ ಹಾಕಿದ್ದು ಲಾಭ ಆಯ್ತು. ಅಡಿಕೆ ಸಸಿಯವನಿಗೆ ಹೇಳ್ಕಳಿಸ್ತೇನೆ" ಎಂದರು.

ಗದ್ದೆ ಹೋಯಿತು ಎಂದೇ ತಿಳಿದೆ. ಉಳಿಸಿದ್ದು ಜೋಳವಲ್ಲ. ಊರಿನವರೆಲ್ಲ ಗದ್ದೆಯನ್ನು ತೋಟ ಮಾಡಲು ಹೊರಟಿದ್ದರಿಂದ ಆ ವರ್ಷ ಒಳ್ಳೆಯ ಅಡಿಕೆ ಸಸಿಯೇ ಸಿಗಲಿಲ್ಲ. ಬರುವ ವರ್ಷಕ್ಕೆ ನಿಮ್ಮದೇ ಮೊದಲು ಎಂದು ಸಸಿಯವನು ಹೇಳಿದ. ಹಾಗಾಗಿ ಮಳೆಗಾಲದಲ್ಲಿ ಎಂದಿನಂತೆ ಭತ್ತ, ನನಗೆ ಇನ್ನೊಂದು ಬೇಸಿಗೆ.

"ಈ ಸಲ ನಾಟಿ ಇಲ್ಲ. ಆ ಮೂಲೇಲಿ ಆದ ಹಾಂಗೆ ಇಡೀ ಗದ್ದೆ" ಎಂದೆ.

"ಮೂಲೇಲಿ ಆಗಿದ್ದು ಕೊಟ್ಟಿಗೆ ನೀರು ಹರಿದು" ಎಂದರು ಯಜಮಾನರು.

"ಹಾಂಗಾರೆ ಗೊಬ್ಬರಾನೂ ಹಾಕುವ."

ಕೆಸರು ಮಾಡದೆ, ಮಣ್ಣು ಹದಕ್ಕೆ ಬಂದ ಮೇಲೆ ಉತ್ತು, ನೀರು ನಿಲ್ಲದ ಹಾಗೆ ಸಾಲು ಏರಿಸಿದೆವು. ಮುಯ್ಯಾಳಿನ ಹೆಂಗಸರು ಬಂದು ನೋಡಿದರೆ ಕೆಸರೂ ಇಲ್ಲ, ಸಸಿಯೂ ಇಲ್ಲ. ಅವರಿಗೆ ಅವಮಾನವೇ ಆಯಿತು.

"ಬೀಜ ಹಾಕಕ್ಕೆ ನಾವು ಬೇಕಾ? ಕೋಳಿ ಬಿಟ್ರೆ ಅದೇ ಕೆದರ್ತದೆ" ಎಂದಳು ಆ ಹಿರಿಯಳು.

"ಕೋಳಿಗೆ ನಾಳೆ ಮುಯ್ಯಿ ತೀರಿಸಕ್ಕೆ ನಾನೆಲ್ಲಿಗೆ ಹೋಗ್ಲಿ? ನೀವೇ ಹಾಕಿ" ಎಂದೆ. ನಕ್ಕರು. ಆದರೆ ಅವತ್ತೇ ಎಲ್ಲ ಹಾಕಿ ಮುಗಿಸುತ್ತೇವೆ ಎಂದು ಹಟ ಹಿಡಿದರು. ಮುಯ್ಯಾಳು ಒಂದು ಮನೆಗೆ ಬರುವುದು ಒಂದು ದಿನ. ಅರ್ಧ ಕೆಲಸ ಉಳಿಸಿ ಹೋಗುವುದು ಅವರಲ್ಲಿ ಇಲ್ಲ. ಒಂದೇ ದಿನ ಹಾಕಿದರೆ ಒಂದೇ ದಿನ ಬಲಿಯುತ್ತದೆ. ಅಷ್ಟೂ ತೆನೆಯನ್ನು ಆ ಕೈಗಾಡಿಯವನು ಒಂದೇ ದಿನ ಬೇಯಿಸಿಯಾನೆ? ಅದಕ್ಕೇ ಗದ್ದೆಯನ್ನು ಮೂರು ಭಾಗ ಮಾಡಿ, ಒಂದೊಂದನ್ನು ದಿನ ಬಿಟ್ಟು ಹಾಕಬೇಕೆಂದಿದ್ದೆ. ಮೊದಲ ಭಾಗ ಅವರ ಕೈಯಲ್ಲಿ ಹಾಕಿಸಿ, ಉಳಿದದ್ದಕ್ಕೆ ಕಾಫಿ ಕೊಟ್ಟು ಕಳಿಸಿದೆ. ಮುನಿಸಿಕೊಂಡೇ ಹೋದರು.

ಆ ಮೊದಲ ಭಾಗದ ದಿನವನ್ನು ಯಜಮಾನರು ಪಂಚಾಂಗ ನೋಡಿ ಇಟ್ಟಿದ್ದರು. ದಿನ ಚೆನ್ನಾಗಿತ್ತು. ಚಳಿಯೂ ಚೆನ್ನಾಗಿತ್ತು. ಬೆಳಗಿನ ಹೊತ್ತು ಮಣ್ಣು ಮುಟ್ಟಿದರೆ ಬೆರಳು ಜುಮ್ಮೆನ್ನುವಂಥ ಪುಷ್ಯ ಮಾಸದ ಚಳಿ. ಹೊಟ್ಟೆಯಲ್ಲಿ ಹಿಟ್ಟಿಲ್ಲದ ಆ ಬೀಜ ತಣ್ಣಗಿನ ಮಣ್ಣಿನಲ್ಲಿ ಏಳಲಾರದೆ ಅರ್ಧಕ್ಕರ್ಧ ಕೊಳೆಯಿತು, ಎದ್ದದ್ದೂ ಸೊರಗಿ ಲೆಕ್ಕಕ್ಕೆ ಸಿಗಲಿಲ್ಲ. ಎರಡನೆಯ ಭಾಗವನ್ನು ಸಂಕ್ರಾಂತಿ ಕಳೆದು ಚಳಿ ಸಡಿಲವಾದ ಮೇಲೆ ನಾನೂ ಯಜಮಾನರೂ ಸೇರಿ ಹಾಕಿದೆವು. ಅದು ಒಂದೇ ಸಮ ಎದ್ದಿತು. ಮೂರನೆಯ ಭಾಗವನ್ನು ಮತ್ತೆ ಉಳಲು ಟಿಲ್ಲರ್ ಸಿಗದೆ, ಸಿಕ್ಕಿದ ದಿನ ನೀರೆತ್ತಲು ಕರೆಂಟು ಇಲ್ಲದೆ, ಹಾಕುವಾಗ ಬಿಸಿಲು ಏರಿತ್ತು.

ಸಸಿ ಎದ್ದ ಮೇಲೆ ಮೈದುನ ಇನ್ನೊಂದು ಸಲಹೆ ತಂದ. ಅಂಚಿನಲ್ಲಿ ದನಕ್ಕೆಂದು ಮಾಮೂಲಿ ಮುಸುಕಿನ ಜೋಳ ಹಾಕಬಹುದಂತೆ.

"ಸೀತೂರಲ್ಲಿ ನಿನ್ನ ಮಾವನ ಮನೇಲಿ ಎಂತ ಆಯ್ತು?" ಎಂದು ಕೇಳಿದೆ. ಅವನು ಬಂದ ದಾರಿಯಲ್ಲೇ ಮೇಲಿನ ಮನೆಗೆ ಹತ್ತಿ ಹೋದ. ಆ ಮಾವನ ಮನೆಯವರೂ ಹಿಂದಿನ ವರ್ಷ ಸಿಹಿಜೋಳ ಹಾಕಿದ್ದರು, ಅದರ ಮಗ್ಗುಲಲ್ಲೇ, ಅದೇ ದಿನ, ದನದ ಜೋಳ. ಎರಡೂ ಒಟ್ಟಿಗೆ ಹೂ ಬಿಟ್ಟು ಪುಡಿ ಬೆರೆತು, ಸಿಹಿಜೋಳದ ಕಾಳೂ ದನದ ಜೋಳದ ಹಾಗೆ ಗಟ್ಟಿಯಾಯಿತು. ಹುಡುಗಿ ಕೊಡುವಾಗ ಅಕ್ಕಪಕ್ಕದ ಮನೆ ವಿಚಾರಿಸುವ ಜನ ಜೋಳ ಹಾಕುವಾಗ ವಿಚಾರಿಸಲಿಲ್ಲ.

ಎರಡನೆಯ ಭಾಗ ಹೂ ಬಿಟ್ಟಾಗ ನಾನು ದಿನಾ ಬೆಳಿಗ್ಗೆ ಹೋಗಿ ನೋಡುತ್ತಿದ್ದೆ. ಯಜಮಾನರೂ ಬರುತ್ತಿದ್ದರು. ನೋಡಲು ಬಂದದ್ದಲ್ಲ, ನೀರು ತಿರುಗಿಸಲು ಬಂದದ್ದು ಎನ್ನುತ್ತಿದ್ದರು. ನೀರು ಆಗಲೇ ಸರಿಯಾಗಿಯೇ ಹರಿಯುತ್ತಿರುತ್ತಿತ್ತು. ಕೂದಲು ಕಂದಿ ಒಣಗಿದ ಮೇಲೆ ಒಂದು ತೆನೆ ಸುಲಿದು ಉಗುರು ಒತ್ತಿದೆ. ಹಾಲು. ಅವರ ಕೈಗೆ ಕೊಟ್ಟೆ. ಅಲ್ಲೇ ಹಸಿಯಾಗಿ ಕಚ್ಚಿ ತಿಂದು ಮುಗಿಸಿದರು. ಇನ್ನೊಂದು ಮುರಿದುಕೊಂಡರು.

ಇನ್ನು ಮುರಿದು ಶೃಂಗೇರಿಗೆ ಕಳಿಸುವುದೊಂದೇ ಬಾಕಿ. ಆಗ ಯಜಮಾನರ ಅಡಿಕೆಯ ಬುದ್ಧಿ ಎದ್ದಿತು.

"ಈಗ ಕೊಡೋದು ಬೇಡ. ಎರಡು ದಿನ ಬಿಟ್ರೆ ರಜೆ ಇದೆ, ಜನ ಜಾಸ್ತಿ ಬರ್ತಾರೆ. ಈಗ್ಲೇ ಮುರಿದು ಅಟ್ಟದ ಮೇಲೆ ಹರವಿಡುವ. ರೇಟು ಬಂದಾಗ ಕೊಡುವ."

"ಅದು ಅಡಿಕೆ ಅಲ್ಲ. ಮುರಿದ ದಿನವೇ ತಿನ್ಬೇಕು ಅಂತ ಅವನು ಹೇಳಿದ್ದ."

"ಕೊಳ್ಳೋನು ಹಾಂಗೇ ಹೇಳೋದು. ಅಡಿಕೆ ಮಂಡಿಯವ್ರೂ ಹಾಂಗೇ ಹೇಳ್ತಾರೆ, ಬೇಗ ಕೊಡಿ ಬೇಗ ಕೊಡಿ ಅಂತ. ನನಗೆ ವ್ಯಾಪಾರ ಹೇಳ್ಕೊಡ್ಬೇಡ."

ವರ್ಷಗಟ್ಟಲೆ ಅಡಿಕೆ ಇಟ್ಟುಕೊಂಡು ಗೆದ್ದ ಜನ. ನಾನು ಹಾಲು ಕರೆದು ಬರುವಷ್ಟರಲ್ಲಿ ಎರಡನೆಯ ಭಾಗದಲ್ಲಿ ಬಲಿತದ್ದನ್ನೆಲ್ಲ ಮುರಿಸಿ ಅಟ್ಟಕ್ಕೆ ಏರಿಸಿಯಾಗಿತ್ತು. ರಜೆಯ ದಿನ ತಾವೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೂಟೆ ಜೊತೆ ಬಸ್ಸು ಹತ್ತಿದರು. ಸಂಜೆ ಮೂಟೆ ಜೊತೆಯೇ ಇಳಿದರು.

"ಎಂತ ಹೇಳ್ದ?"

"ದನ ಇದೆಯಾ ಅಂತ ಕೇಳ್ದ" ಎಂದು ಹೇಳಿ ಸ್ನಾನಕ್ಕೆ ಹೋದರು.

ಬಿಚ್ಚಿ ನೋಡಿದೆ. ಹಾಲಿದ್ದಲ್ಲಿ ಹಿಟ್ಟು. ಸಿಹಿ ಎಂಬುದು ನೆನಪಿಗಷ್ಟೇ. ಆ ಹೊತ್ತಿನಲ್ಲಿ ನನಗೆ ಸಿಟ್ಟು ಬರಬೇಕಿತ್ತು, ಬಂದದ್ದು ಹೆದರಿಕೆ. ಗದ್ದೆಯಲ್ಲಿ ಇನ್ನು ಉಳಿದದ್ದು ಎರಡನೆಯ ಭಾಗದ ಹಿಂದುಳಿದ ಸಾಲುಗಳು, ಮತ್ತೆ ತಡವಾಗಿ ಹಾಕಿದ ಮೂರನೆಯದು. ಅಷ್ಟರಲ್ಲೇ ಅವರ ಬಾಯಲ್ಲಿ ಹೂಂ ಅನ್ನಿಸಬೇಕು.

ಮರುದಿನ ಬೆಳಗಿನ ಜಾವ ಮಂಜು ಆರುವ ಮೊದಲೇ ಬಲಿತ ತೆನೆ ಮಾತ್ರ ಆರಿಸಿ ಮುರಿದೆ. ಸಿಪ್ಪೆ ಸುಲಿಯದೆ, ಒದ್ದೆ ಗೋಣಿ ಸುತ್ತಿ, ಮೊದಲ ಬಸ್ಸಿಗೆ ನಾನೇ ಹತ್ತಿದೆ. ನಿನ್ನೆ ಮೂಟೆ ತಂದವರ ಮನೆಯವಳು ಎಂದೆ. ಕೈಗಾಡಿಯವನು ನನ್ನ ಮುಖ ನೋಡಿ, "ಇವತ್ತೂ ದನದ್ದೇನಮ್ಮ?" ಎಂದ.

"ತಿಂದು ಹೇಳು ಮಾರಾಯ. ದನ ಯಾರು ಅಂತ ಆಮೇಲೆ ನೋಡುವ."

ಒಂದು ಸುಲಿದು ಕಚ್ಚಿದ. ಗೋಣಿಯನ್ನೇ ಎತ್ತಿ ಗಾಡಿಯ ಕೆಳಗೆ ನೆರಳಿಗೆ ಇಟ್ಟುಕೊಂಡ. ನಾಳೆಯೂ ತರಬೇಕು ಎಂದ. ಹಾಗೆ ಬೆಳಿಗ್ಗೆ ಬೆಳಿಗ್ಗೆ ನನ್ನ ಓಡಾಟ ಶುರುವಾಯಿತು. ಕಂಡಕ್ಟರ್ ಗೋಣಿಗೂ ಟಿಕೆಟ್ಟು ಎಂದ. ಅವನಿಗೆ ಒಂದು ತೆನೆ ಕೊಟ್ಟ ಮೇಲೆ ಗೋಣಿ ನನ್ನ ಮಡಿಲ ಕೂಸಾಯಿತು.

ಮೂರನೆಯ ಭಾಗ ಹೂ ಬಿಟ್ಟದ್ದು ಸುಡುಬಿಸಿಲಿನಲ್ಲಿ. ಕೂದಲು ಹೊರಬರುವ ಮೊದಲೇ ಹೂವಿನ ಪುಡಿ ಒಣಗಿ ಹೋಗಿ, ತೆನೆಯ ತುದಿ ಖಾಲಿ ಉಳಿಯಿತು. ಖಾಲಿ ತುದಿ ಕತ್ತರಿಸಿ ಬೇಯಿಸುತ್ತೇನೆ, ಸಿಹಿ ಇದ್ದರೆ ಸಾಕು ಎಂದ ಗಾಡಿಯವನು. ಅವನ ಜನ ಲೋಟದಲ್ಲಿ ತಿನ್ನುವವರು, ತೆನೆ ನೋಡುವವರಲ್ಲ.

ಆ ಮೂರನೆಯ ಭಾಗ ಇನ್ನೂ ಗದ್ದೆಯಲ್ಲಿ ನಿಂತಿರುವಾಗಲೇ, ಕಾಲುವೆ ತೋಡಲು ಯಜಮಾನರು ಮುಂಚೆಯೇ ಹೇಳಿದ್ದ ಆಳುಗಳು ಗುದ್ದಲಿ ಹಾರೆ ಹಿಡಿದು ಬಂದರು. ಸಸಿಯವನು ಮಾತಿಗೆ ತಪ್ಪದೆ ಸಸಿ ಮೀಸಲಿಟ್ಟಿದ್ದ. ನಾನು ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಯಜಮಾನರು ಗದ್ದೆಗೆ ಇಳಿದು ಹೋದರು, ಆಳುಗಳ ಜೊತೆ ನಿಂತರು, ಒಂದು ತೆನೆ ಒತ್ತಿ ನೋಡಿದರು. ಆಮೇಲೆ ಗಟ್ಟಿಯಾಗಿ, ನನಗೆ ಕೇಳಲೆಂದೇ ಇರಬೇಕು, ಹೇಳಿದರು.

"ಅಲ್ಲ ಮಾರಾಯ್ರೆ, ಜೋಳ ನಿಂತಿದೆ, ಕಣ್ಣು ಕಾಣಲ್ವಾ? ಇದರ ಮೇಲೆ ಹ್ಯಾಂಗೆ ಅಗಿಯೋದು? ಹೋಗಿ, ಹೋಗಿ. ಮೇಲಿನ ಮನೆ ಗದ್ದೆ ಖಾಲಿ ಇದೆ."

ಮೈದುನನಿಗೂ ತೋಟದ ಆಸೆ ಇತ್ತು, ಅವನ ಗದ್ದೆ ತೋಟವಾಯಿತು. ನಮ್ಮ ಸಸಿಗಳೂ ಅಲ್ಲಿಗೇ ಹೋದವು.

ನೀನು ಗೆದ್ದೆ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಹೇಳಿದ್ದು ಬೇರೆ. ಮಳೆ ಹಿಡಿಯುವ ಮುಂಚೆ ಬೀಜದ ಭತ್ತ ತೆಗೆಯಲು ಕಣಜದ ಹತ್ತಿರ ಹೋದಾಗ ಹಿಂದೆಯೇ ಬಂದರು.

"ಆ ಭತ್ತ ಹಾಕ್ಬೇಡ."

"ಎಂತಕ್ಕೆ?"

"ಅದು ಬಲಿಯೋದು ತಡ. ಅದನ್ನ ಕೊಯ್ದು, ಗದ್ದೆ ಆರಿ, ಜೋಳ ಹಾಕೋದ್ರೊಳಗೆ ಬಿಸಿಲು ಬರ್ತದೆ. ಮೂರ್ನೇ ಭಾಗ ಎಂತ ಆಯ್ತು ನೋಡಿದ್ಯಲ್ಲ. ಬೇಗ ಬರೋ ತಳಿ ಹಾಕು. ಚಳಿ ಸಡಿಲ ಆಗೋ ಹೊತ್ತಿಗೆ ಇಡೀ ಗದ್ದೆ ಹದವಾಗಿರ್ಬೇಕು."

ನನ್ನ ಬೀಜ, ನನ್ನ ಕಣಜ. ಬೇಡ ಎನ್ನಬಹುದಿತ್ತು. ಆದರೆ ಅವರು ಹೇಳಿದ್ದು ಸರಿಯಿತ್ತು, ಅದೂ ಜೋಳದ ವಿಚಾರದಲ್ಲಿ ನಾನೇ ಕಲಿಸಿದ್ದನ್ನು ನನಗೇ ಹೇಳಿದ್ದು. ತಡ ಮಾಡಿದರೆ ಜೋಳ ಕೆಡುತ್ತದೆ, ಜೋಳ ಕೆಟ್ಟರೆ ಮತ್ತೆ ಗುದ್ದಲಿ ಹಾರೆ ಬರುತ್ತವೆ. ಅತ್ತೆಯ ಕಾಲದಿಂದ ಬಂದ ಆ ದಪ್ಪ ಕೆಂಪಕ್ಕಿಯ ಬೀಜವನ್ನು ಮಿಲ್ಲಿಗೆ ಕಳಿಸಿ ಅನ್ನ ಮಾಡಿ ಮುಗಿಸಿದೆ. ಬೇಗ ಬರುವ ತಳಿಯ ಬೀಜ ತರಿಸಿ ಹಾಕಿದೆ. ಬೇಗ ಬಂತು. ಅಕ್ಕಿ ಬೆಳ್ಳಗೆ, ಸಣ್ಣಗೆ, ನೋಡಲು ಚೆಂದ. ಗಂಜಿ ಮಾಡಿದರೆ ಬಿಸಿನೀರು ಕುಡಿದ ಹಾಗೆ.

"ಈ ಅನ್ನಕ್ಕೆ ರುಚಿಯೇ ಇಲ್ಲ ಕಣೆ" ಎಂದು ಯಜಮಾನರು ಈಗ ದಿನಾ ಹೇಳುತ್ತಾರೆ. ಹೇಳುತ್ತಲೇ ಬಟ್ಟಲು ಮುಂದೆ ಚಾಚುತ್ತಾರೆ. ನಾನು ಬಡಿಸುತ್ತೇನೆ. ಹೊಸ ತಳಿಯ ಹುಲ್ಲೂ ಗಿಡ್ಡ, ದನಕ್ಕೆ ಸಾಲುವುದಿಲ್ಲ. ಅವಕ್ಕೆ ಜೋಳದ ದಂಟು ಕೊಚ್ಚಿ ಹಾಕುತ್ತೇನೆ. ದನ ಗೊಣಗುವುದಿಲ್ಲ.